ಒಬ್ಬನ ತಪ್ಪು, ಸಮುದಾಯದ ಮೇಲೆ ಗುಮಾನಿ



ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 12ನೇ ಸೂಕ್ತ ಮೂರು ಕೆಡುಕುಗಳನ್ನು ಒಂದೇ ಕಡೆ ನಿಷೇಧಿಸುತ್ತದೆ. ಮೊದಲನೆಯದು ಗುಮಾನಿ. ಎರಡನೆಯದು ಇತರರ ಗುಟ್ಟು ಕೆದಕುವುದು. ಮೂರನೆಯದು ಬೆನ್ನ ಹಿಂದೆ ದೂಷಿಸುವುದು. ಪರದೂಷಣೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿರುವುದು ನಮಗೆಲ್ಲ ಗೊತ್ತು. ಆದರೆ ಈ ಮೂರರ ಕ್ರಮವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮೊದಲು ಮನಸ್ಸಿನಲ್ಲಿ ಒಂದು ಸಂಶಯ ಹುಟ್ಟುತ್ತದೆ. ಆ ಸಂಶಯಕ್ಕೆ ಪುರಾವೆ ಹುಡುಕಲು ಕಣ್ಣು ಕಿವಿ ಹೊರಡುತ್ತವೆ. ಸಿಕ್ಕಿದ್ದನ್ನು ಹೇಳಲು ನಾಲಗೆ ಹೊರಡುತ್ತದೆ. ಅಂದರೆ ನಾಲಗೆಯ ಪಾಪ ಮನಸ್ಸಿನಲ್ಲಿ ಮೊಳಕೆಯೊಡೆಯುತ್ತದೆ. ಮೊಳಕೆಯಲ್ಲೇ ಚಿವುಟಬೇಕೆಂದು ಅಲ್ಲಾಹನು ಗುಮಾನಿಯಿಂದಲೇ ಆರಂಭಿಸಿದ್ದಾನೆ.

ಗುಮಾನಿಯು ಮಾತುಗಳಲ್ಲೇ ಅತ್ಯಂತ ದೊಡ್ಡ ಸುಳ್ಳು ಎಂದು ಪ್ರವಾದಿ(ಸ) ಎಚ್ಚರಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಬಾಯಿಂದ ಬಾರದ್ದನ್ನು ಮಾತು ಎಂದು ಕರೆದದ್ದೇಕೆ? ಏಕೆಂದರೆ ಗುಮಾನಿ ಮಾಡುವವನು ತನ್ನೊಂದಿಗೆ ತಾನೇ ಮಾತಾಡುತ್ತಿರುತ್ತಾನೆ. ಅಲ್ಲಿ ಆರೋಪ ಮಾಡುವವನೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಕೊಡುವವನೂ ಅವನೇ. ಆರೋಪಿ ಮಾತ್ರ ಆ ನ್ಯಾಯಾಲಯದಲ್ಲಿ ಇರುವುದಿಲ್ಲ. ಅವನ ಮಾತು ಕೇಳದೆಯೇ ಅವನಿಗೆ ಶಿಕ್ಷೆಯಾಗಿರುತ್ತದೆ.

ಒಬ್ಬರ ಮೇಲೆ ಮಾಡುವ ಗುಮಾನಿಯ ಬಗ್ಗೆ ಖುತ್ಬಾಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಇಂದು ಅದಕ್ಕಿಂತ ದೊಡ್ಡದೊಂದರ ಬಗ್ಗೆ ಯೋಚಿಸೋಣ. ಒಬ್ಬನ ತಪ್ಪನ್ನು ಹಿಡಿದು ಅವನ ಜಾತಿ, ಊರು, ಧರ್ಮದವರೆಲ್ಲರ ಮೇಲೆ ಮಾಡುವ ಗುಮಾನಿ ಅದು. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಕರಾವಳಿಯ ಇತಿಹಾಸದಲ್ಲೇ ಇದೆ. ಅದಕ್ಕೆ ಬರುವ ಮೊದಲು, ಇಂಥ ಸಂದರ್ಭದಲ್ಲಿ ಪ್ರವಾದಿ(ಸ) ಏನು ಮಾಡಿದರು ಎಂಬುದನ್ನು ನೋಡೋಣ.

ಪತ್ರ ಸಿಕ್ಕಿದ ಮೇಲೂ ಕೇಳಿದ ಪ್ರಶ್ನೆ

ಹಿಜರಿ 8ನೇ ವರ್ಷ. ಪ್ರವಾದಿ(ಸ) ಮಕ್ಕಾದತ್ತ ಹೊರಡುವ ಸಿದ್ಧತೆಯನ್ನು ಗುಟ್ಟಾಗಿ ನಡೆಸುತ್ತಿದ್ದರು. ಆಗ ಹಾತಿಬ್ ಬಿನ್ ಅಬೂ ಬಲ್ತಅ(ರ) ಎಂಬ ಸಹಾಬಿ ಈ ವಿಷಯವನ್ನು ಕುರೈಷರಿಗೆ ತಿಳಿಸಲು ಒಂದು ಪತ್ರ ಬರೆದು ಒಬ್ಬ ಮಹಿಳೆಯ ಕೈಯಲ್ಲಿ ಕಳುಹಿಸಿದರು. ಅಲ್ಲಾಹನು ಇದನ್ನು ಪ್ರವಾದಿಯವರಿಗೆ(ಸ) ತಿಳಿಸಿದನು. ಹಝ್ರತ್ ಅಲೀ(ರ) ಮತ್ತು ಸಂಗಡಿಗರು ಕುದುರೆ ಏರಿ ಹೋಗಿ, ರೌಝತು ಖಾಖ್ ಎಂಬಲ್ಲಿ ಆಕೆಯನ್ನು ತಡೆದು, ಜಡೆಯಲ್ಲಿ ಅಡಗಿಸಿಟ್ಟಿದ್ದ ಪತ್ರವನ್ನು ತಂದರು.

ಇಲ್ಲಿ ಗುಮಾನಿಯ ಪ್ರಶ್ನೆಯೇ ಇಲ್ಲ. ಪತ್ರ ಕೈಯಲ್ಲಿದೆ. ಬರೆದವರ ಹೆಸರು ಅದರಲ್ಲಿದೆ. ಯುದ್ಧಕಾಲ. ಯಾವ ದೊರೆಯ ಆಸ್ಥಾನದಲ್ಲಾದರೂ ಮುಂದಿನ ಹೆಜ್ಜೆ ಕತ್ತಿಯೇ. ಹಝ್ರತ್ ಉಮರ್(ರ) ಕತ್ತಿಗೆ ಅನುಮತಿ ಕೇಳಿಯೂ ಬಿಟ್ಟರು. ಆದರೆ ಪ್ರವಾದಿ(ಸ) ಮೊದಲು ಹಾತಿಬರನ್ನು ಕರೆಸಿ, ಹಾತಿಬ್, ಇದೇನು ಎಂದು ಕೇಳಿದರು.

ಹಾತಿಬ್(ರ) ತಮ್ಮ ಕಥೆ ಹೇಳಿದರು. ತಾನು ಕುರೈಷ್ ವಂಶದವನಲ್ಲ, ಅವರ ಆಶ್ರಯದಲ್ಲಿ ಬದುಕಿದವನು. ಇತರ ಮುಹಾಜಿರ್‌ಗಳಿಗೆ ಮಕ್ಕಾದಲ್ಲಿ ಉಳಿದಿರುವ ಮನೆಯವರನ್ನು ಕಾಯಲು ರಕ್ತಸಂಬಂಧಿಗಳಿದ್ದಾರೆ, ತನಗೆ ಯಾರೂ ಇಲ್ಲ. ಕುರೈಷರಿಗೆ ಒಂದು ಉಪಕಾರ ಮಾಡಿದರೆ ತನ್ನವರನ್ನು ಅವರು ಉಳಿಸಿಯಾರು ಎಂದು ಬರೆದೆ, ಧರ್ಮ ಬಿಟ್ಟು ಬರೆದದ್ದಲ್ಲ ಎಂದರು. ಇವರು ಸತ್ಯವನ್ನೇ ಹೇಳಿದ್ದಾರೆ ಎಂದು ಪ್ರವಾದಿ(ಸ) ಸ್ವೀಕರಿಸಿದರು. ಬದ್ರ್‌ನಲ್ಲಿ ಭಾಗವಹಿಸಿದವರೆಂಬುದನ್ನು ಉಮರ್‌ರಿಗೆ(ರ) ನೆನಪಿಸಿದರು.

ಹಾತಿಬರು ಮಾಡಿದ್ದು ಸರಿ ಎಂದು ಯಾರೂ ಹೇಳಲಿಲ್ಲ. ಸೂರಃ ಅಲ್ ಮುಮ್ತಹಿನದ ಆರಂಭದಲ್ಲಿ ಈ ಬಗ್ಗೆ ಕಟುವಾದ ಎಚ್ಚರಿಕೆ ಇದೆ. ಆದರೆ ತಪ್ಪು ಸಾಬೀತಾದ ಮೇಲೂ ಕಾರಣ ಕೇಳಲಾಯಿತು, ಉತ್ತರ ಆಲಿಸಲಾಯಿತು, ಹಿಂದಿನ ಬದುಕನ್ನು ತೂಗಲಾಯಿತು. ಇನ್ನೊಂದು ಸಂಗತಿ ಇದೆ. ಮಕ್ಕಾದಲ್ಲಿ ಬಂಧುಗಳಿದ್ದ ಮುಹಾಜಿರ್‌ಗಳು ಮದೀನದಲ್ಲಿ ನೂರಾರು ಮಂದಿ ಇದ್ದರು. ಹಾತಿಬರ ಪತ್ರ ಸಿಕ್ಕಿತೆಂದು ಅವರೆಲ್ಲರ ಮೇಲೆ ಸಂಶಯದ ಕಣ್ಣು ಬೀಳಲಿಲ್ಲ. ಹಾತಿಬರ ತಪ್ಪು ಹಾತಿಬರದ್ದಾಗಿಯೇ ಉಳಿಯಿತು.

ಅದೇ ಸೂರಃದ 8ನೇ ಸೂಕ್ತವನ್ನೂ ಇದರೊಂದಿಗೆ ಓದಬೇಕು. ಧರ್ಮದ ಹೆಸರಲ್ಲಿ ನಿಮ್ಮೊಡನೆ ಹೋರಾಡದ, ನಿಮ್ಮನ್ನು ಮನೆಗಳಿಂದ ಹೊರಹಾಕದ ಜನರೊಂದಿಗೆ ಒಳಿತಿನಿಂದ, ನ್ಯಾಯದಿಂದ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂದು ಅದು ಹೇಳುತ್ತದೆ. ಶತ್ರುವಿಗೆ ಗುಟ್ಟು ಹೇಳಬೇಡಿ ಎಂಬ ಎಚ್ಚರಿಕೆಯೂ ಎಲ್ಲರನ್ನೂ ಶತ್ರು ಎಂದುಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಒಂದೇ ಅಧ್ಯಾಯದಲ್ಲಿವೆ.

1768: ತಂದೆಯ ಕಾಲದಲ್ಲಿ

ಈಗ ನಮ್ಮ ಕರಾವಳಿಗೆ ಬರೋಣ. ನಮ್ಮ ಶಿರ್ವದಲ್ಲಿ ಮಸೀದಿಯ ಬಾಂಗ್ ಕೇಳುವ ಮನೆಗಳಿಗೆ ಆರೋಗ್ಯ ಮಾತೆಯ ಇಗರ್ಜಿಯ ಗಂಟೆಯೂ ಕೇಳುತ್ತದೆ. ಆ ಇಗರ್ಜಿಗೆ ಹೋಗುವ ಕೊಂಕಣಿ ಕ್ರೈಸ್ತರ ಸಮುದಾಯದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಒಂದು ನೋವಿನ ಕಥೆಯಿದೆ. ಅವರಿಗೆ ಅದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಅನೇಕರಿಗೆ ಅದು ಗೊತ್ತಿಲ್ಲ, ಗೊತ್ತಿದ್ದವರು ಮಾತಾಡುವುದಿಲ್ಲ. ಮಾತಾಡದಿರುವುದಕ್ಕೆ ಕಾರಣವೂ ಇದೆ. ಅದರಲ್ಲಿ ನಾವು ಪ್ರೀತಿಸುವ ಒಬ್ಬ ದೊರೆಯ ಹೆಸರು ಬರುತ್ತದೆ.

ಕಥೆ ಆರಂಭವಾಗುವುದು ಅವರ ತಂದೆಯ ಕಾಲದಲ್ಲಿ. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷ್ ಪಡೆ ಮಂಗಳೂರನ್ನು ವಶಪಡಿಸಿಕೊಂಡಿತು. ಅದೇ ವರ್ಷ ಹೈದರಾಲಿಯವರು ಊರನ್ನು ಮರಳಿ ಪಡೆದರು. ಇಂಗ್ಲಿಷರಿಗೆ ಇಲ್ಲಿನ ಕ್ರೈಸ್ತರು ನೆರವಾದರೆಂಬ ದೂರು ಅವರ ಕಿವಿಗೆ ಬಿತ್ತು. ಅವರು ಮಂಗಳೂರಿನಲ್ಲಿದ್ದ ಪೋರ್ಚುಗೀಸ್ ಅಧಿಕಾರಿಯನ್ನೂ ಪಾದ್ರಿಗಳನ್ನೂ ಕರೆಸಿ, ದೊರೆಗೆ ದ್ರೋಹ ಬಗೆದವರಿಗೆ ಏನು ಶಿಕ್ಷೆ ಎಂದು ಕೇಳಿದರಂತೆ. ಮರಣದಂಡನೆ ಎಂದು ಆ ಅಧಿಕಾರಿಯೇ ಹೇಳಿದ. ಹೈದರಾಲಿ ಅಷ್ಟು ದೂರ ಹೋಗಲಿಲ್ಲ. ಆರೋಪ ಬಂದವರನ್ನು ಸೆರೆಯಲ್ಲಿಟ್ಟರು. ಮುಂದೆ ಪೋರ್ಚುಗೀಸರೊಂದಿಗೆ ಮಾತುಕತೆಯಾಗಿ ಪಾದ್ರಿಗಳ ಮತ್ತು ಉಳಿದ ಕ್ರೈಸ್ತರ ಮೇಲಿನ ಸಂಶಯ ನಿವಾರಣೆಯಾಯಿತು.

ಹೈದರಾಲಿ ಮದ್ರಸದಲ್ಲಿ ಓದಿದವರಲ್ಲ, ಅಕ್ಷರವೇ ಬಾರದವರು ಎಂದು ಇತಿಹಾಸ ಹೇಳುತ್ತದೆ. ಆದರೂ ಈ ಸಂದರ್ಭದಲ್ಲಿ ಅವರು ಎರಡು ಕೆಲಸ ಮಾಡಿದರು. ತೀರ್ಪಿಗೆ ಮೊದಲು ಆ ಸಮುದಾಯದ ಮುಖ್ಯಸ್ಥರನ್ನು ಎದುರಿಗೆ ಕರೆಸಿದರು. ಆರೋಪ ಬಂದವರನ್ನು ಉಳಿದವರಿಂದ ಬೇರ್ಪಡಿಸಿದರು. ಅದರಿಂದ ಅವರ ರಾಜ್ಯಕ್ಕೆ ನಷ್ಟವೇನೂ ಆಗಲಿಲ್ಲ.

1784: ಮಗನ ಕಾಲದಲ್ಲಿ

ಹದಿನೈದು ವರ್ಷಗಳ ನಂತರ ಪರಿಸ್ಥಿತಿ ಮತ್ತೆ ಅದೇ ತಿರುವಿಗೆ ಬಂತು. 1782ರ ಡಿಸೆಂಬರ್ 7ರಂದು ಹೈದರಾಲಿ ನಿಧನರಾದರು. ಟಿಪ್ಪು ಸುಲ್ತಾನರು ಯುದ್ಧದ ನಡುವೆಯೇ ಪಟ್ಟಕ್ಕೆ ಬಂದರು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಘಟ್ಟ ಹತ್ತಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು, ಪಡೆಯಿತು. ಮಾರ್ಚ್‌ನಲ್ಲಿ ಮಂಗಳೂರು ಕೂಡ ಇಂಗ್ಲಿಷರ ಕೈಸೇರಿತು. ಟಿಪ್ಪು ಸುಲ್ತಾನರು ಬಿದನೂರನ್ನು ಮರಳಿ ಗೆದ್ದು, ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದರು. ಕೋಟೆಯೊಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಹಸಿವು ರೋಗಗಳ ನಡುವೆ ತಿಂಗಳುಗಟ್ಟಲೆ ಕಾದು, 1784ರ ಜನವರಿ ಕೊನೆಗೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ ಯುದ್ಧ ಮುಗಿಯಿತು.

ಯುದ್ಧ ಮುಗಿಯುವಾಗ ಲೆಕ್ಕ ಚುಕ್ತಾ ಮಾಡುವ ಮಾತು ಬಂತು. ಕ್ರೈಸ್ತರು ಮ್ಯಾಥ್ಯೂಸ್‌ನಿಗೆ ಹಣ ಕೊಟ್ಟರು, ದಾರಿ ತೋರಿಸಿದರು, ಕೋಟೆಯೊಳಗಿನ ಇಂಗ್ಲಿಷರಿಗೆ ಆಹಾರ ಒದಗಿಸಿದರು ಎಂಬ ಆರೋಪಗಳು. ಇವುಗಳಲ್ಲಿ ಕೆಲವು ಕೆಲವರ ವಿಷಯದಲ್ಲಿ ನಿಜವೇ ಇರಬಹುದು. ಯುದ್ಧ ನಡೆದಲ್ಲಿ ಎರಡೂ ಕಡೆಗೆ ನೆರವಾಗುವವರು ಎಲ್ಲ ಸಮುದಾಯದಲ್ಲೂ ಇರುತ್ತಾರೆ. ಆದರೆ ಈ ಬಾರಿ ಆರೋಪ ಬಂದವರನ್ನು ಬೇರ್ಪಡಿಸಲಿಲ್ಲ. ಇಡೀ ಕೆನರಾದ ಕ್ರೈಸ್ತರನ್ನು ಒಂದೇ ಹಗ್ಗದಲ್ಲಿ ಕಟ್ಟಲಾಯಿತು.

ಕ್ರೈಸ್ತರ ಉಪವಾಸ ಕಾಲ ಆರಂಭವಾಗುವ ಬೂದಿ ಬುಧವಾರದಂದು ಬಂಧನ ನಡೆಯಿತೆಂದು ಅವರ ಸ್ಮೃತಿ ಹೇಳುತ್ತದೆ. ಅದು 1784ರ ಫೆಬ್ರವರಿ. ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಮಂದಿ ಎಂಬುದರಲ್ಲಿ ಲೆಕ್ಕಗಳು ಬೇರೆ ಬೇರೆ. ಕೆಲವು ಮೂಲಗಳು 30 ಸಾವಿರ ಎನ್ನುತ್ತವೆ, ಕೆಲವು 60 ಸಾವಿರ, ಇನ್ನು ಕೆಲವು ಅದಕ್ಕೂ ಹೆಚ್ಚು. ಅತಿ ಕಡಿಮೆ ಲೆಕ್ಕವನ್ನೇ ಹಿಡಿದರೂ ಅದು ಇಂದಿನ ಅನೇಕ ಊರುಗಳನ್ನು ಸೇರಿಸಿದಷ್ಟು ಜನ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಅನೇಕರನ್ನು ಬಲವಂತದಿಂದ ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು. ಜಮೀನು ಮುಟ್ಟುಗೋಲಾಯಿತು. 27 ಇಗರ್ಜಿಗಳನ್ನು ಕೆಡವಲಾಯಿತೆಂದು ಅವರ ದಾಖಲೆಗಳು ಹೇಳುತ್ತವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲಷ್ಟೇ ಬದುಕುಳಿದವರು ಊರಿನ ದಾರಿ ಹಿಡಿದರು. ಹದಿನೈದು ವರ್ಷ. ಎದೆಹಾಲು ಕುಡಿಯುವಾಗ ಹೋದ ಮಗು ಮೀಸೆ ಮೂಡುವಾಗ ಮರಳಿತು.

ಟಿಪ್ಪು ಸುಲ್ತಾನರ ಬಗ್ಗೆ ಇದನ್ನು ಬರೆಯುವಾಗ ಕೆಲವರಿಗೆ ಬೇಸರವಾದೀತು. ಬ್ರಿಟಿಷರ ವಿರುದ್ಧ ರಣರಂಗದಲ್ಲೇ ಪ್ರಾಣ ಬಿಟ್ಟ ದೊರೆ ಅವರು. 1791ರಲ್ಲಿ ಮರಾಠಾ ಪಡೆಯ ಒಂದು ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಸ್ವಾಮಿಗಳಿಗೆ ಪತ್ರ ಬರೆದು, ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದವರೂ ಅವರೇ. ಆ ಪತ್ರಗಳು ಇಂದಿಗೂ ಇವೆ. ಅವರ ಹೆಸರಿನ ಜಯಂತಿ 2015ರಲ್ಲಿ ಸರಕಾರದಿಂದ ಆರಂಭವಾಗಿ 2019ರಲ್ಲಿ ನಿಂತದ್ದನ್ನೂ, ನಡುವೆ ನಡೆದ ಜಗಳಗಳನ್ನೂ ನಾವು ಕಂಡಿದ್ದೇವೆ. ಒಂದು ಕಡೆಯವರು ಶೃಂಗೇರಿಯನ್ನು ಮಾತ್ರ ಹೇಳುತ್ತಾರೆ, ಇನ್ನೊಂದು ಕಡೆಯವರು 1784ನ್ನು ಮಾತ್ರ. ಎರಡೂ ನಡೆದದ್ದೇ. ನಿಮಗೆ, ನಿಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಿ ಎಂದು ಸೂರಃ ಅನ್ನಿಸಾದ 135ನೇ ಸೂಕ್ತ ಆಜ್ಞಾಪಿಸುತ್ತದೆ. ತಂದೆತಾಯಿಯ ವಿರುದ್ಧವೇ ಸಾಕ್ಷಿ ಹೇಳಬೇಕಾದವರಿಗೆ ದೊರೆಯ ವಿಷಯದಲ್ಲಿ ವಿನಾಯಿತಿ ಇರಲಾರದು. ಟಿಪ್ಪು ಸುಲ್ತಾನರನ್ನು ಗೌರವಿಸಲು 1784ನ್ನು ಮುಚ್ಚಿಡಬೇಕಿಲ್ಲ. 1784ನ್ನು ಒಪ್ಪಿಕೊಳ್ಳಲು ಅವರನ್ನು ದ್ವೇಷಿಸಬೇಕಾಗಿಯೂ ಇಲ್ಲ.

ಹಾಗೆಯೇ ಇನ್ನೊಂದು ಮಾತು. 1784ರಲ್ಲಿ ಒಬ್ಬ ದೊರೆಯ ಸೈನ್ಯ ಮಾಡಿದ್ದಕ್ಕೆ ಇಂದಿನ ಮುಸಲ್ಮಾನರು ಉತ್ತರ ಕೊಡಬೇಕೆನ್ನುವವನು ಕೂಡ ಅದೇ 1784ರ ತಪ್ಪನ್ನು ಮಾಡುತ್ತಿದ್ದಾನೆ. ಯಾರ ಹೊರೆಯನ್ನೂ ಇನ್ನೊಬ್ಬರು ಹೊರುವುದಿಲ್ಲ ಎಂಬ ಕುರ್‌ಆನಿನ ತತ್ವ ಅವರನ್ನೂ ಕಾಯುತ್ತದೆ, ನಮ್ಮನ್ನೂ ಕಾಯುತ್ತದೆ.

ನಮ್ಮವನಾದರೆ ಒಬ್ಬ, ಪರರಾದರೆ ಎಲ್ಲರೂ

ಈ ಚರಿತ್ರೆಯಲ್ಲಿ ಹೆಚ್ಚು ಮಂದಿ ಗಮನಿಸದ ಒಂದು ಸಂಗತಿ ಇದೆ. ಬಿದನೂರು ಇಂಗ್ಲಿಷರ ಕೈಗೆ ಹೋದದ್ದು ಹೇಗೆ? ಅದರ ಆಡಳಿತಗಾರ ಅಯಾಜ್ ಖಾನ್ ಅಥವಾ ಹಯಾತ್ ಸಾಹೇಬ್ ಎಂಬಾತ ಅದನ್ನು ಮ್ಯಾಥ್ಯೂಸ್‌ನಿಗೆ ಒಪ್ಪಿಸಿದ. ಆತ ಮಲಬಾರಿನಿಂದ ಬಂದು, ಇಸ್ಲಾಮ್ ಸ್ವೀಕರಿಸಿ, ಹೈದರಾಲಿಯ ಕಣ್ಣೆದುರೇ ಬೆಳೆದವನು. ಹೈದರಾಲಿಗೆ ಮಗನಂತಿದ್ದವನು. ಟಿಪ್ಪುವಿಗೆ ತನ್ನ ಮೇಲೆ ಸಿಟ್ಟಿದೆ, ಪಟ್ಟಕ್ಕೆ ಬಂದ ಮೇಲೆ ತನ್ನನ್ನು ಉಳಿಸುವುದಿಲ್ಲ ಎಂಬ ಭಯ ಅವನಿಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಒಬ್ಬರ ಮೇಲೊಬ್ಬರಿಗೆ ಇದ್ದ ಗುಮಾನಿಯೇ ಕೋಟೆಯ ಬಾಗಿಲು ತೆರೆಯಿತು.

ಆ ಯುದ್ಧದಲ್ಲಿ ಮೈಸೂರಿಗಾದ ಅತಿ ದೊಡ್ಡ ದ್ರೋಹ ಇದು. ಕೋಟೆಯೊಳಗೆ ಅಕ್ಕಿ ಕಳುಹಿಸಿದ್ದಕ್ಕೂ ಕೋಟೆಯನ್ನೇ ಒಪ್ಪಿಸಿದ್ದಕ್ಕೂ ಹೋಲಿಕೆಯುಂಟೇ? ಆದರೆ ಅಯಾಜ್ ಮಾಡಿದ್ದಕ್ಕೆ ಅವನ ಧರ್ಮದವರೆಲ್ಲರೂ ದ್ರೋಹಿಗಳೆಂದು ಯಾರಿಗೂ ಅನಿಸಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಜನರ ಬಾಯಲ್ಲಿ ದ್ರೋಹಿಯಾಗಿ ಉಳಿದ ಹೆಸರು ದಿವಾನ ಮೀರ್ ಸಾದಿಕನದು. ಅಲ್ಲಿಯೂ ಆರೋಪ ಅವನ ಹೆಸರಿಗೇ ನಿಂತಿತು. ನಿಲ್ಲಬೇಕಾದದ್ದೂ ಹಾಗೆಯೇ.

ಗುಮಾನಿಯ ಬೇರು ಇಲ್ಲಿದೆ. ನಮ್ಮವನು ತಪ್ಪು ಮಾಡಿದರೆ ನಮಗೆ ಅವನ ಹೆಸರು, ಅವನ ಮನೆತನ, ಅವನ ಕಷ್ಟ, ಅವನ ದುರಾಸೆ ಎಲ್ಲವೂ ಕಾಣುತ್ತದೆ. ಅವನು ಒಬ್ಬ ಮನುಷ್ಯ. ಪರರಲ್ಲಿ ಒಬ್ಬ ತಪ್ಪು ಮಾಡಿದರೆ ಅವನ ಮುಖ ಕಾಣುವುದಿಲ್ಲ, ಅವನ ಜಾತಿ ಕಾಣುತ್ತದೆ. ಅವರು ಹಾಗೆಯೇ ಎಂದುಬಿಡುತ್ತೇವೆ. ಅಯಾಜ್‌ನಿಗೆ ಕೊಟ್ಟ ನ್ಯಾಯವನ್ನು ಮಂಗಳೂರಿನ ಒಬ್ಬ ಕ್ರೈಸ್ತ ರೈತನಿಗೂ ಕೊಟ್ಟಿದ್ದರೆ, ಅಂದರೆ ನೀನು ಏನು ಮಾಡಿದೆ ಎಂದು ಅವನನ್ನೇ ಕೇಳಿದ್ದರೆ, ಸಾವಿರಾರು ಮನೆಗಳ ಒಲೆ ಆರುತ್ತಿರಲಿಲ್ಲ.

ಆ ಕತ್ತಲೆಯ ನಡುವೆಯೂ ಒಂದು ದೀಪ ಉಳಿದಿದೆ. ಮೂಡುಬಿದಿರೆ ಬಳಿಯ ಹೋಲಿ ಕ್ರಾಸ್ ಇಗರ್ಜಿ ಮಾತ್ರ ಕೆಡವಲ್ಪಡದೆ ಉಳಿಯಿತೆಂದು ಕ್ರೈಸ್ತರು ನೆನಪಿಸಿಕೊಳ್ಳುತ್ತಾರೆ. ಅಲ್ಲಿನ ಜೈನ ಅರಸರಾದ ಚೌಟರು ಸುಲ್ತಾನರಲ್ಲಿ ಕೇಳಿಕೊಂಡದ್ದರಿಂದ ಅದು ಉಳಿಯಿತಂತೆ. ಅದು ಅವರ ಧರ್ಮದ ಮಂದಿರವಲ್ಲ. ಆದರೂ ಬಾಯಿ ತೆರೆದರು, ದೊರೆ ಕೇಳಿದರು. ಹಾಗೆ ಮಾತಾಡುವ ನೆರೆಯವರು ಊರೂರಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ.

2007: ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ

ಈಗ ಇದೇ ಗುಮಾನಿ ನಮ್ಮ ಕಡೆ ತಿರುಗಿದ ಒಂದು ಪ್ರಕರಣ ನೋಡೋಣ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ ವೈದ್ಯರಾದ ಡಾ. ಮುಹಮ್ಮದ್ ಹನೀಫ್ ಅವರ ಹೆಸರು ನಿಮಗೆ ನೆನಪಿರಬಹುದು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಬೆಂಕಿ ಹಚ್ಚಿದ ಜೀಪನ್ನು ನುಗ್ಗಿಸಿದ ಕೃತ್ಯದಲ್ಲಿ ಅವರ ದೂರದ ಸಂಬಂಧಿಯೊಬ್ಬನಿದ್ದ. ಆಗ ಹನೀಫ್ ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದರು. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಲಾಯಿತು.

ಅವರ ಮೇಲಿದ್ದ ಪುರಾವೆ ಏನು? ಒಂದು ವರ್ಷದ ಹಿಂದೆ ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲ್ ಸಿಮ್ ಕಾರ್ಡನ್ನು ಇನ್ನೊಬ್ಬ ಸಂಬಂಧಿಗೆ ಕೊಟ್ಟು ಬಂದಿದ್ದರು. ನಮ್ಮ ಮನೆಗಳಿಂದ ಗಲ್ಫಿಗೆ ಹೋಗುವವರು ಬರುವವರು ಇಂಥದ್ದನ್ನು ಎಷ್ಟು ಬಾರಿ ಮಾಡಿಲ್ಲ! ಆ ಸಿಮ್ ಉರಿಯುವ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ಅದು ಸುಳ್ಳೆಂದು ಆಮೇಲೆ ಗೊತ್ತಾಯಿತು. ಸಿಮ್ ಇದ್ದದ್ದು ಮುನ್ನೂರು ಕಿಲೋಮೀಟರಿಗೂ ದೂರದ ಲಿವರ್‌ಪೂಲಿನಲ್ಲಿ. ಅವರ ಬಳಿ ಊರಿಗೆ ಹೋಗುವ ಟಿಕೆಟ್ ಮಾತ್ರ ಇತ್ತು, ಮರಳಿ ಬರುವುದು ಇರಲಿಲ್ಲ. ಓಡಿಹೋಗುತ್ತಿದ್ದಾನೆ ಎಂದರು. ಬೆಂಗಳೂರಿನಲ್ಲಿ ಅವರ ಪತ್ನಿ ಕೆಲವೇ ದಿನಗಳ ಹಿಂದೆ ಹೆಣ್ಣು ಮಗುವಿಗೆ ಜನ್ಮ ನೀಡಿದ್ದರು. ಬಂಧನಕ್ಕೆ ಮೊದಲು ಹನೀಫ್ ತಾವಾಗಿಯೇ ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ಮತ್ತೆ ಮತ್ತೆ ಫೋನ್ ಮಾಡಲು ಪ್ರಯತ್ನಿಸಿದ್ದರು. ಆದರೆ ಗುಮಾನಿ ಒಮ್ಮೆ ಕಣ್ಣಿಗೆ ಕನ್ನಡಕವಾದರೆ ಬಾಣಂತಿಯನ್ನು ನೋಡಲು ಹೊರಟವನೂ ಪರಾರಿಯಾಗುವವನಂತೆ ಕಾಣುತ್ತಾನೆ.

ಜುಲೈ 16ರಂದು ನ್ಯಾಯಾಲಯ ಜಾಮೀನು ಕೊಟ್ಟಿತು. ಅದೇ ದಿನ ಸರಕಾರ ಅವರ ವೀಸಾ ರದ್ದು ಮಾಡಿತು. ಅವರ ವಕೀಲರಾದ ಸ್ಟೀಫನ್ ಕೀಮ್, ಪೊಲೀಸರ ವಿಚಾರಣೆಯಲ್ಲಿ ಹನೀಫ್ ಕೊಟ್ಟ ಉತ್ತರಗಳ ದಾಖಲೆಯನ್ನು ಪತ್ರಿಕೆಗೆ ಕೊಟ್ಟರು. ಜನ ಮೊದಲ ಬಾರಿಗೆ ಹನೀಫರ ಮಾತನ್ನೇ ಓದಿದರು. ಅಲ್ಲಿಂದ ಗಾಳಿಯ ದಿಕ್ಕು ಬದಲಾಯಿತು. ಜುಲೈ 27ರಂದು ಆರೋಪ ಕೈಬಿಡಲಾಯಿತು. 2008ರ ಡಿಸೆಂಬರ್‌ನಲ್ಲಿ ಪ್ರಕಟವಾದ ಕ್ಲಾರ್ಕ್ ವಿಚಾರಣಾ ವರದಿ ಅವರ ಮೇಲೆ ಆರೋಪ ಹೊರಿಸಿದ್ದೇ ತಪ್ಪೆಂದಿತು. 2010ರಲ್ಲಿ ಅಲ್ಲಿನ ಸರಕಾರ ಪರಿಹಾರ ಕೊಟ್ಟಿತು.

ಸ್ಟೀಫನ್ ಕೀಮ್ ನಮ್ಮ ಧರ್ಮದವರಲ್ಲ, ನಮ್ಮ ದೇಶದವರಲ್ಲ. ಚೌಟ ಅರಸರು ಕ್ರೈಸ್ತರಾಗಿರಲಿಲ್ಲ. ಗುಮಾನಿಯ ಗಾಳಿ ಬೀಸುವಾಗ ಪರರಿಗಾಗಿ ನಿಲ್ಲುವ ಒಬ್ಬನಿದ್ದರೂ ಸಾಕು, ಏನಾದರೂ ಉಳಿಯುತ್ತದೆ.

ನಮ್ಮ ಮನೆ, ನಮ್ಮ ಮೊಹಲ್ಲಾ

ಸಂಶಯಕ್ಕೆ ಒಳಗಾದವರಿಗೆ ಒಂದು ಅಪಾಯವಿದೆ. ತಾನು ಅನುಭವಿಸಿದ ನೋವು ತನಗೆ ಇತರರನ್ನು ಸಂಶಯಿಸುವ ಹಕ್ಕು ಕೊಟ್ಟಿದೆ ಎಂದು ಅವನಿಗೆ ಅನಿಸತೊಡಗುತ್ತದೆ. 2022ರ ಮಾರ್ಚ್‌ನಲ್ಲಿ ನಮ್ಮ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿಯಿಲ್ಲ ಎಂದಾಗ ನಮಗೆ ನೋವಾಯಿತು. ಬಳೆ, ಆಟಿಕೆ, ಹಣ್ಣು ಮಾರಿ ಬದುಕುವ ಬಡವರು ಯಾರದೋ ಮೇಲಿನ ಸಿಟ್ಟಿಗೆ ಬೆಲೆ ತೆತ್ತರು. ಅದು ಅನ್ಯಾಯವೆಂದು ಹೇಳಲೇಬೇಕು. ಆದರೆ ಆ ದಿನಗಳಲ್ಲಿ ನಮ್ಮ ಮೊಬೈಲುಗಳಲ್ಲೂ ಅವರೆಲ್ಲರೂ ಹೀಗೆಯೇ ಎಂಬ ಸಂದೇಶಗಳು ಓಡಾಡಿದವು. ಅದೇ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾದಸ್ವರ ಊದುವ ಮುಸ್ಲಿಮ್ ಕುಟುಂಬವಿದೆ ಎಂಬ ಸುದ್ದಿ ಅದೇ ವಾರ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಎಷ್ಟು ಮಂದಿ ಮುಂದಕ್ಕೆ ಕಳುಹಿಸಿದರು? ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಯುವಂತೆ ಮಾಡದಿರಲಿ ಎಂದು ಸೂರಃ ಅಲ್ ಮಾಇದದ 8ನೇ ಸೂಕ್ತ ಎಚ್ಚರಿಸುವುದು ಇಂಥ ದಿನಗಳಿಗಾಗಿಯೇ.

ಮೊಹಲ್ಲಾದ ಒಳಗೂ ಇದೇ ರೋಗ ಇದೆ. ಆ ಜಮಾಅತಿನವರು, ಈ ಸಂಘಟನೆಯವರು, ಬ್ಯಾರಿಗಳು, ಉರ್ದು ಮಾತಾಡುವವರು, ಗಲ್ಫಿನ ಹಣದವರು ಎಂದು ಹೆಸರಿಟ್ಟು ಗುಂಪಾಗಿ ತೂಗುತ್ತೇವೆ. ಸಾಲ ಕೇಳಿದವನ ಮಾತಿಗಿಂತ ಅವನ ಮನೆತನದ ಮೇಲಿನ ಗುಮಾನಿಗೆ ಕಿವಿಗೊಡುತ್ತೇವೆ. ಹೆಣ್ಣುಮಗಳೊಬ್ಬಳು ಕಾಲೇಜಿನಿಂದ ತಡವಾಗಿ ಬಂದರೆ ಬಸ್ಸು ತಪ್ಪಿರಬಹುದೆಂದು ಮೊದಲು ಹೊಳೆಯುವುದಿಲ್ಲ. ಹಝ್ರತ್ ಆಯಿಶಾರ(ರ) ಮೇಲೆ ಅಪವಾದ ಹಬ್ಬಿದಾಗ ಸೂರಃ ಅನ್ನೂರ್ ಕೇಳಿದ ಪ್ರಶ್ನೆ ಇದೇ ಅಲ್ಲವೇ? ಅದನ್ನು ಕೇಳಿದೊಡನೆ ಸತ್ಯವಿಶ್ವಾಸಿ ಪುರುಷರು, ಸ್ತ್ರೀಯರು ತಮ್ಮವರ ಬಗ್ಗೆ ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲ ಎಂದು ಅಲ್ಲಾಹನು ಕೇಳಿದನು. ಕೂಡಲೇ ಒಳ್ಳೆಯದನ್ನು ಭಾವಿಸಿದ ಮನೆಯೂ ಮದೀನದಲ್ಲಿತ್ತು. ಅದು ಅಬೂ ಅಯ್ಯೂಬ್ ಅನ್ಸಾರಿ(ರ) ಮತ್ತು ಅವರ ಪತ್ನಿಯ ಮನೆ.

ಹಾಗಾದರೆ ಕಣ್ಣು ಮುಚ್ಚಿ ಎಲ್ಲರನ್ನೂ ನಂಬಬೇಕೇ? ಇಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಅಲ್ಲಾಹನೇ ಸೂರಃ ಅಲ್ ಬಕರದ 282ನೇ ಸೂಕ್ತದಲ್ಲಿ ಆದೇಶಿಸಿದ್ದಾನೆ. ಬರೆದಿಡುವುದು ಗುಮಾನಿಯಲ್ಲ, ಗುಮಾನಿ ಬಾರದಂತೆ ಹಾಕುವ ಬೇಲಿ. ಸುದ್ದಿ ಬಂದರೆ ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂದು ಹುಜುರಾತ್‌ನ 6ನೇ ಸೂಕ್ತ ಎಚ್ಚರಿಸುತ್ತದೆ. ಗಮನಿಸಿ, ಅಲ್ಲಿ ಹೇಳಿರುವುದು ಒಬ್ಬ ವ್ಯಕ್ತಿಗೆ ಅಲ್ಲ, ಒಂದು ಜನಸಮೂಹಕ್ಕೆ ಆಗುವ ಹಾನಿ.

ಸಂಶಯಕ್ಕೆ ಎಡೆಕೊಡದಿರುವುದೂ ಸುನ್ನತ್. ಇಅ್‌ತಿಕಾಫ್‌ನ ರಾತ್ರಿಯೊಂದರಲ್ಲಿ ಪ್ರವಾದಿ(ಸ) ಪತ್ನಿ ಸಫಿಯ್ಯಾರೊಂದಿಗೆ(ರ) ನಿಂತಿದ್ದಾಗ ಇಬ್ಬರು ಅನ್ಸಾರಿಗಳು ವೇಗವಾಗಿ ಹಾದುಹೋದರು. ಪ್ರವಾದಿ(ಸ) ಅವರನ್ನು ತಡೆದು, ಇವರು ಸಫಿಯ್ಯಾ ಎಂದು ತಿಳಿಸಿದರು. ಅವರ ಹೃದಯದಲ್ಲಿ ಶೈತಾನನು ಏನಾದರೂ ಹಾಕದಿರಲಿ ಎಂದು. ಪ್ರವಾದಿಯವರೇ(ಸ) ವಿವರಣೆ ಕೊಟ್ಟಿರುವಾಗ, ಮಸೀದಿಯ ಲೆಕ್ಕವನ್ನು ಜುಮಾದ ನಂತರ ಓದಿ ಹೇಳಲು ಯಾವ ಸಮಿತಿಯೂ ಹಿಂಜರಿಯಬೇಕಿಲ್ಲ.

ಆದ್ದರಿಂದ ಯಾರ ಮೇಲಾದರೂ ಗುಮಾನಿ ಹುಟ್ಟಿದಾಗ ಎರಡು ಕೆಲಸ ಮಾಡೋಣ. ಮೊದಲನೆಯದು, ಅವರ ಬಗ್ಗೆ ಇನ್ನೊಬ್ಬರಲ್ಲಿ ಹೇಳುವ ಮೊದಲು ಅವರನ್ನೇ ಕೇಳೋಣ. ಹಾತಿಬರನ್ನು ಕೇಳಿದ ಆ ಪ್ರಶ್ನೆಯಷ್ಟು ಸರಳವಾಗಿ. ಎರಡನೆಯದು, ತಪ್ಪು ನಿಜವಾದರೂ ಅದನ್ನು ಮಾಡಿದವನ ಹೆಸರಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗದಂತೆ ತಡೆಯೋಣ. ಅವನ ಮನೆಗೆ, ಜಾತಿಗೆ, ಧರ್ಮಕ್ಕೆ ಅಂಟಿಸದಿರೋಣ.

ಗುಮಾನಿಯನ್ನು ನಿಷೇಧಿಸಿದ 12ನೇ ಸೂಕ್ತದ ಮುಂದಿನ ಸೂಕ್ತ ಸತ್ಯವಿಶ್ವಾಸಿಗಳೇ ಎಂದು ಆರಂಭವಾಗುವುದಿಲ್ಲ, ಮಾನವರೇ ಎಂದು ಆರಂಭವಾಗುತ್ತದೆ. ನಿಮ್ಮನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿತುಕೊಳ್ಳಲಿಕ್ಕಾಗಿ ಎನ್ನುತ್ತದೆ. ಗುಮಾನಿಗೆ ಮದ್ದು ಅರಿವೇ. ನಮ್ಮ ಊರಿನ ಕ್ರೈಸ್ತ ನೆರೆಯವರೊಂದಿಗೆ 1784ರ ಬಗ್ಗೆ ಮಾತು ಬಂದಾಗ ನಾವು ವಿಷಯ ಬದಲಿಸಬೇಕಿಲ್ಲ, ವಾದಕ್ಕೂ ಇಳಿಯಬೇಕಿಲ್ಲ. ಅವರ ಹಿರಿಯರು ಹೇಳಿದ್ದನ್ನು ಕುಳಿತು ಕೇಳೋಣ. ಅವರಿಗೂ ನಮ್ಮದನ್ನು ಹೇಳಲು ಆಗ ಬಾಗಿಲು ತೆರೆದಿರುತ್ತದೆ.

ಯಾವುದರ ಬಗ್ಗೆ ಅರಿವಿಲ್ಲವೋ ಅದರ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಎಲ್ಲವೂ ವಿಚಾರಣೆಗೆ ಒಳಗಾಗಲಿವೆ ಎಂದು ಸೂರಃ ಅಲ್ ಇಸ್ರಾದ 36ನೇ ಸೂಕ್ತ ಎಚ್ಚರಿಸಿದೆ. ಆ ದಿನ ನಮ್ಮ ಗುಮಾನಿಗೆ ಬಲಿಯಾದವನು ನಮ್ಮ ಎದುರೇ ನಿಂತಿರುತ್ತಾನೆ. ನಾವು ಇಲ್ಲಿ ಕೇಳದ ಪ್ರಶ್ನೆಗೆ ಅವನು ಅಲ್ಲಿ ಉತ್ತರ ಹೇಳುತ್ತಾನೆ.

ಓ ಅಲ್ಲಾಹ್, ನಮ್ಮ ಹೃದಯಗಳನ್ನು ಗುಮಾನಿಯಿಂದಲೂ ನಾಲಗೆಗಳನ್ನು ಪರದೂಷಣೆಯಿಂದಲೂ ಕಾಪಾಡು. ನಮ್ಮ ಮೇಲೆ ಅನ್ಯಾಯವಾದಾಗ ತಾಳ್ಮೆಯನ್ನೂ, ನಮ್ಮವರಿಂದ ಅನ್ಯಾಯವಾದಾಗ ಅದನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ ಕರುಣಿಸು. ನೆರೆಯವರ ನಡುವೆ ನಂಬಿಕೆಯನ್ನು ಉಳಿಸು. ಆಮೀನ್.